ಇಣಚಿ ಎಂದು ಸಾಕಿದ ಇಲಿಮರಿ

ನನ್ನ ಕೈಲಿ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಕುರುಗೋಡಿನಲ್ಲಿ ಕಲ್ಲು ಒಡೆಯುವ ಕೆಲಸ ಅವನದು. ಅವನ ಮನೆಯಲ್ಲಿದ್ದುಕೊಂಡೇ ನಾನು ಹೈಸ್ಕೂಲು ಓದಿದ್ದು, ಆದ್ದರಿಂದ ಹೇಳುವ ಹಕ್ಕು ಅವನಿಗಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ, ಮೊಣಕೈವರೆಗಿನ ಕಲ್ಲುಪುಡಿ ತೊಳೆದುಕೊಳ್ಳುತ್ತಾ, ಊರಿಂದ ಬಂದಿದ್ದ ಅವ್ವನಿಗೆ ಅಂದ:

"ಅಕ್ಕಾ, ಇಲಿ ಬಿಲದಾಗ ಭತ್ತ ಸಿಗತೈತಿ, ಡಿಗ್ರಿ ಸಿಗೂದಿಲ್ಲ. ಸುಮ್ನ ಇವನ್ನ ನನ್ನ ಜೊತಿ ಕಲ್ಲಿಗೆ ಕಳಸು."

"ಓದಲಿ ಬಿಡಪ್ಪಾ, ಓದಿದಷ್ಟು" ಎಂದಳು ಅವ್ವ. ಅಷ್ಟೇ.

ನಾನು ಓದಿದೆ. ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಮಾಡಿದ ಮೊದಲನೆಯವನು ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಳ್ಳಾರಿಯ ಬಿಸಿಲಲ್ಲಿ ನಡೆದು, ಇದ್ದ ಒಂದೇ ಪ್ಯಾಂಟನ್ನು ಒಗೆದು ಒಗೆದು ಹಾಕಿಕೊಂಡು ಪಡೆದದ್ದು. ನಾಚಿಕೆ ಇರುವುದು ಬೇರೆ ಕಡೆ. ಅದನ್ನು ಹೆಂಡತಿ ಮಕ್ಕಳಿಗೂ ಈವರೆಗೆ ಹೇಳಿಲ್ಲ.

ಮಾವ ಆಡಿದ ಬಿಲದ ಮಾತು ಸುಳ್ಳಾಗಿರಲಿಲ್ಲ. ನಮ್ಮೂರು ಸಿರುಗುಪ್ಪದಿಂದ ಮೂರು ಮೈಲಿ, ಕಾಲುವೆ ನೀರಿನ ಭತ್ತದ ಸೀಮೆ. ಹೊಲ ಬೇರೆಯವರದು, ಕೂಲಿ ನಮ್ಮದು. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದ. ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಅವ್ವ ಸಣ್ಣ ಗುದ್ದಲಿ, ಬುಟ್ಟಿ ಹಿಡಿದು ಹೊಲದ ಬದುಗಳಿಗೆ ಹೋಗುತ್ತಿದ್ದಳು. ಬದುವಿನೊಳಗೆ ಇಲಿಗಳು ಕಚ್ಚಿ ಒಯ್ದು ಕೂಡಿಟ್ಟ ತೆನೆ ಇರುತ್ತಿತ್ತು, ಒಂದೊಂದು ಬಿಲದಲ್ಲಿ ಮೊರದ ತುಂಬ. ಅದನ್ನು ತೆಗೆದು, ತೊಳೆದು, ಒಣಗಿಸಿ, ಕುಟ್ಟಿ ಅನ್ನ ಮಾಡುತ್ತಿದ್ದಳು. ವರ್ಷದಲ್ಲಿ ಎರಡು ತಿಂಗಳು ನಾವು ಉಂಡದ್ದು ಇಲಿಗಳು ದುಡಿದ ಅನ್ನ.

ಆ ಕೆಲಸದಲ್ಲಿ ಅವ್ವನಿಗೆ ಸರಿಸಾಟಿ ಇರಲಿಲ್ಲ. ಬಿಲದ ಬಾಯಿಯ ಮಣ್ಣನ್ನು ಬೆರಳಲ್ಲಿ ಉಜ್ಜಿ, ಒಳಗೆ ಇಲಿ ಇದೆಯೋ ಬಿಟ್ಟು ಹೋಗಿದೆಯೋ ಹೇಳುತ್ತಿದ್ದಳು. ಹಿಕ್ಕೆ ನೋಡಿ ಹೆಗ್ಗಣವೋ ಹೊಲದ ಇಲಿಯೋ ಹೇಳುತ್ತಿದ್ದಳು. ಅವಳದೊಂದು ಕಟ್ಟುನಿಟ್ಟು ಇತ್ತು. ಬಿಲದ ಬಾಯಿ ಒಳಗಿನಿಂದ ಹಸಿಮಣ್ಣಿನಲ್ಲಿ ಮುಚ್ಚಿದ್ದರೆ ಅಲ್ಲಿ ಗುದ್ದಲಿ ಹಾಕುತ್ತಿರಲಿಲ್ಲ.

"ಅದು ಬಾಣಂತಿ ಮನಿ. ಬಾಗಲಾ ಹಾಕ್ಕೊಂಡು ಮಕ್ಕಳಿಗೆ ಹಾಲು ಕುಡಸಾಕತ್ತೈತಿ. ಬಾಣಂತಿ ಮನ್ಯಾಗಿಂದು ಕಿತ್ಗೊಂಡು ಉಣಬಾರದು" ಎನ್ನುತ್ತಿದ್ದಳು. ಮನೆಯಲ್ಲಿ ಹಿಡಿ ಅಕ್ಕಿ ಇಲ್ಲದ ದಿನವೂ ಅಂಥ ಬಿಲ ದಾಟಿ ಮುಂದೆ ಹೋದದ್ದನ್ನು ನಾನು ಕಂಡಿದ್ದೇನೆ.

ಬಳ್ಳಾರಿಯ ಕಾಲೇಜಿನಲ್ಲಿ ಕೊನೆಯ ವರ್ಷ. ಪ್ರಾಣಿಶಾಸ್ತ್ರ ನನ್ನ ವಿಷಯ. ಪ್ರಾಕ್ಟಿಕಲ್ ತರಗತಿಗೆ ಪ್ರತಿಯೊಬ್ಬರೂ ಒಂದೊಂದು ಇಲಿ ತರಬೇಕು ಎಂದರು ಮೇಷ್ಟ್ರು. ಪೇಟೆಯ ಹುಡುಗರು ಅಟೆಂಡರನಿಗೆ ಹೇಳಿ ತರಿಸಿಕೊಂಡರು. ನಾನು ಎದ್ದು ನಿಂತು, "ನಮ್ಮ ಹೊಲದಾಗ ಬೇಕಾದಷ್ಟು ಅದಾವ ಸರ್, ನಾನ ತರ್ತೀನಿ" ಎಂದೆ. ನಮ್ಮ ಹೊಲ! ಹಾಸ್ಟೆಲಿಗೆ ಸೇರಿದ ಮೊದಲ ವಾರವೇ ಹುಡುಗರ ಮುಂದೆ ನಾಲ್ಕು ಎಕರೆ ಗದ್ದೆಯ ಒಡೆಯನಾಗಿಬಿಟ್ಟಿದ್ದೆ. ಮಾವನ ಮಾತು ಇನ್ಯಾರ ಬಾಯಿಂದಲೂ ಬರಬಾರದು ಎಂಬುದೊಂದೇ ನನಗಿದ್ದ ಹೆದರಿಕೆ. ಬಿಲ ಅಗೆಯುವವಳ ಮಗ ಎಂದು ಒಬ್ಬನಿಗೆ ತಿಳಿದರೂ ನನ್ನ ಓದೆಲ್ಲ ನೀರಲ್ಲಿ ಹೋಯಿತು ಎಂದುಕೊಂಡಿದ್ದೆ.

ಭಾನುವಾರ ಊರಿಗೆ ಹೋದೆ. ಅವ್ವ ಕೂಲಿಗೆ ಹೋಗಿದ್ದಳು. ಅವಳ ಗುದ್ದಲಿ ತೆಗೆದುಕೊಂಡು ಬದುವಿಗೆ ಹೋದೆ. ಬಾಯಿ ತೆರೆದ ಬಿಲದಲ್ಲಿ ಇಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮುಚ್ಚಿದ ಬಿಲದಲ್ಲಿ ಇರುವುದು ಖಾತ್ರಿ. ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು. ಹಸಿಮಣ್ಣು ಮೆತ್ತಿದ ಬಾಯಿ ಕಂಡಿತು. ಅದೇನೆಂದು ಗೊತ್ತಿದ್ದೇ ಅಗೆದೆ.

ಇಲಿ ಹೊರಗೆ ಬಂತು, ಆದರೆ ಓಡಲಿಲ್ಲ. ನಾಲ್ಕು ಮಾರು ಹೋಗಿ ಮತ್ತೆ ಬಿಲದ ಕಡೆಗೇ ತಿರುಗಿ ನಿಂತಿತು. ಗೋಣಿಚೀಲ ಹಾಕಿ ಹಿಡಿದೆ. ನನ್ನ ಚುರುಕುತನಕ್ಕೆ ಸಿಕ್ಕಿತು ಎಂದುಕೊಂಡು, ತೂತು ಕೊರೆದ ಡಬ್ಬಿಯಲ್ಲಿ ಹಾಕಿ ಬಸ್ಸು ಹತ್ತಿದೆ. ತೆಕ್ಕಲಕೋಟೆ ದಾಟುವವರೆಗೂ ಡಬ್ಬಿಯೊಳಗೆ ಕೆರೆಯುವ ಸದ್ದು ನಿಲ್ಲಲಿಲ್ಲ.

ಮರುದಿನ ಕ್ಲೋರೋಫಾರ್ಮ್ ಕೊಟ್ಟು, ಹಲಗೆಯ ಮೇಲೆ ಮಲಗಿಸಿ, ಹೊಟ್ಟೆಯ ಚರ್ಮ ಬಿಡಿಸುವಾಗ ಕತ್ತರಿಯ ತುದಿಗೆ ಬೆಳ್ಳಗೆ ಹಾಲು ಬಂತು. ಮೇಷ್ಟ್ರು ಮೈಸೂರು ಕಡೆಯವರು, ಬಗ್ಗಿ ನೋಡಿದರು.

"ಏನಯ್ಯಾ, ಇದು ಹಾಲೂಡಿಸ್ತಾ ಇದ್ದ ತಾಯಿ. ಮರಿಗಳೆಲ್ಲಿ?"

"ಗೊತ್ತಿಲ್ಲ ಸರ್."

ಹುಡುಗರು ನಕ್ಕರು. ನಾನೂ ನಕ್ಕೆ. ಚಿತ್ರ ಚೆನ್ನಾಗಿ ಬರೆದಿದ್ದೆ, ಅದಕ್ಕೆ ಒಳ್ಳೆಯ ಅಂಕ ಬಂತು.

ಶನಿವಾರ ಊರಿಗೆ ಹೋದಾಗ ಅವ್ವ ಮಾತಾಡಿಸಲಿಲ್ಲ. ಉಡಿಯಿಂದ ಒಂದು ಅರಿವೆಯ ಗಂಟು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಬಿಚ್ಚಿದರೆ ಹೆಬ್ಬೆರಳಿನಷ್ಟು ದಪ್ಪದ ಮರಿ. ಕಣ್ಣು ಇನ್ನೂ ಬಿಟ್ಟಿರಲಿಲ್ಲ, ಬೆನ್ನ ಮೇಲೆ ಬೂದು ಕೂದಲು ಈಗಷ್ಟೇ ಮೂಡುತ್ತಿತ್ತು. ನಾನು ಹೋದ ದಿನ ಸಂಜೆಯೇ ಅವಳು ಗುದ್ದಲಿಗೆ ಮೆತ್ತಿದ ಹಸಿಮಣ್ಣು ಕಂಡು ಬದುವಿಗೆ ಹೋಗಿ, ಒಡೆದ ಬಿಲ ನೋಡಿ, ಗೂಡಿನವರೆಗೂ ಅಗೆದಿದ್ದಳು. ಏಳು ಮರಿಗಳಿದ್ದವಂತೆ. ಆರು ಒಂದೊಂದಾಗಿ ಸತ್ತಿದ್ದವು.

"ಗದ್ದಿ ಹಚ್ಚಾಕ ಹೋಗುವಾಗ ಉಡ್ಯಾಗ ಕಟಗೊಂಡು ಹೊಂಟೀನಿ. ಮೇಸ್ತ್ರಿ ಬೈತಾನ. ಇನ್ನ ನೀ ಒಯ್ಯಿ."

"ಹಾಸ್ಟೆಲ್ನಾಗ ಹೆಂಗ ಸಾಕಲಬೇ?"

"ಅಗಿಯಾಕ ಗೊತ್ತಾತಲ್ಲ, ಸಾಕಾಕೂ ಗೊತ್ತಾಗತೈತಿ."

ಆಮೇಲೆ ಸಿಟ್ಟು ಬಿಟ್ಟು ಕಲಿಸಿದಳು. ಆಡಿನ ಹಾಲು, ಇಲ್ಲದಿದ್ದರೆ ಹಸುವಿನ ಹಾಲಿಗೆ ಅರ್ಧ ನೀರು. ಉಗುರುಬೆಚ್ಚಗೆ ಇರಬೇಕು. ಮರಿಯನ್ನು ಅಂಗಾತ ಮಲಗಿಸಬಾರದು, ಹಾಲು ಮೂಗಿಗೆ ಏರುತ್ತದೆ. ಹೊಟ್ಟೆ ಕೆಳಗೆ ಮಾಡಿಯೇ ಕುಡಿಸಬೇಕು. "ಕುಡಿಸಿದ ಮ್ಯಾಲೆ ಹಸಿ ಅರಿವಿಲೆ ಕಿಬ್ಬೊಟ್ಟಿ ಸವರಬೇಕು, ತಾಯಿ ನೆಕ್ಕಿದಂಗ. ಇಲ್ಲಂದ್ರ ಉಚ್ಚಿ ಕಟ್ಟಿ ಸಾಯತೈತಿ, ತಿಳೀತಾ?" ನನ್ನ ಪುಸ್ತಕಗಳಲ್ಲಿ ಇಲಿಯ ನರ, ಎಲುಬು, ಹಲ್ಲಿನ ಲೆಕ್ಕ ಎಲ್ಲ ಇತ್ತು. ಇದು ಇರಲಿಲ್ಲ.

ಹಾಸ್ಟೆಲಿನಲ್ಲಿ ಗಂಟು ಬಿಚ್ಚಿದ ಕೂಡಲೇ ಕೋಣೆಯ ಗೆಳೆಯ, ಮನೆಮಾತು ತೆಲುಗಿನವನು, ಹೌಹಾರಿದ. "ಏಮಿರಾ ಇದಿ? ಇಲಿ ಏನಲೇ?"

"ಇಲಿ ಅಲ್ಲೋ ಮಾರಾಯ, ಇಣಚಿ ಮರಿ. ಹುಣಸಿ ಗಿಡದಿಂದ ಬಿದ್ದಿತ್ತು" ಎಂದೆ.

ಅಳಿಲಿಗೆ ನಮ್ಮ ಕಡೆ ಇಣಚಿ ಎನ್ನುತ್ತಾರೆ. ಅಳಿಲಿನ ಮರಿಗಾದರೆ ಇಷ್ಟು ಹೊತ್ತಿಗೆ ಬೆನ್ನ ಮೇಲೆ ಗೆರೆಗಳು ಕಾಣಬೇಕು, ಬಾಲದಲ್ಲಿ ಕೂದಲು ಕುಚ್ಚಾಗಬೇಕು. ಇದರ ಬಾಲ ಬೋಳು, ಉದ್ದಕ್ಕೂ ಉಂಗುರ ಉಂಗುರ. ನನಗೆ ಎಲ್ಲ ಗೊತ್ತಿತ್ತು. ಪ್ರಾಣಿ ಗುರುತಿಸಲು ಕಲಿತ ವಿದ್ಯೆಯನ್ನು ನಾನು ಮೊದಲ ಸಲ ಬಳಸಿದ್ದು ಸುಳ್ಳು ಹೇಳಲು. ಪ್ರಾಣಿಶಾಸ್ತ್ರದ ವಿದ್ಯಾರ್ಥಿ ಹೇಳಿದ ಮೇಲೆ ಯಾರೂ ಎರಡು ಮಾತಾಡಲಿಲ್ಲ. ಇಲಿ ಎಂದಿದ್ದರೆ, ಇಲಿ ಸಾಕುವುದನ್ನು ಎಲ್ಲಿ ಕಲಿತೆ ಎಂಬ ಪ್ರಶ್ನೆ ಬರುತ್ತಿತ್ತು.

ಅಡುಗೆ ಮಾಡುವ ಮುದುಕನನ್ನು ನಾವೆಲ್ಲ ಮುತ್ಯಾ ಎನ್ನುತ್ತಿದ್ದೆವು. ಇಣಚಿ ಎಂದು ಕೇಳಿದ್ದೇ ಕೈಮುಗಿದ. "ರಾಮದೇವ್ರು ಸವರಿದ ಜೀವ ಅದು" ಎಂದು ದಿನಾ ಚಹಾದ ಹಾಲಿನಲ್ಲಿ ಎರಡು ಚಮಚ ತೆಗೆದಿಟ್ಟ. ಅದೇ ಮುತ್ಯಾ ಬೆಳಿಗ್ಗೆ ಎದ್ದು ಉಗ್ರಾಣದ ಬೋನಿನಲ್ಲಿ ಬಿದ್ದ ಇಲಿಗಳನ್ನು ಬಕೆಟ್ಟಿನಲ್ಲಿ ಮುಳುಗಿಸುತ್ತಿದ್ದ. ನಾನು ಪಕ್ಕದಲ್ಲೇ ಹಾಲಿಗೆ ನೀರು ಬೆರೆಸುತ್ತಾ ನಿಂತಿರುತ್ತಿದ್ದೆ.

ಪೆನ್ನಿಗೆ ಶಾಯಿ ತುಂಬುವ ಫಿಲ್ಲರನ್ನು ಬಿಸಿನೀರಲ್ಲಿ ತೊಳೆದು ಹನಿಹನಿಯಾಗಿ ಕುಡಿಸುತ್ತಿದ್ದೆ. ಒಮ್ಮೆ ಅವಸರಕ್ಕೆ ಒತ್ತಿಬಿಟ್ಟು ಮೂಗಿನಿಂದ ಗುಳ್ಳೆ ಬಂತು. ತಲೆ ಕೆಳಗೆ ಮಾಡಿ, ಅದು ಉಸಿರಾಡುವವರೆಗೆ ಮೂಗು ಒರೆಸುತ್ತಲೇ ಇದ್ದೆ. ಎರಡು ತರಗತಿಗಳ ನಡುವೆ ಓಡಿ ಬರುತ್ತಿದ್ದೆ. ನಾಲ್ಕನೆಯ ದಿನ ಕಣ್ಣು ಬಿಟ್ಟಿತು. ಮುಂಗಾಲಿನಿಂದ ಮುಖ ತಿಕ್ಕಿಕೊಂಡು, ನನ್ನ ತೋಳಿನ ಮೇಲೆ ಹತ್ತಿ, ಮಡಚಿದ ಅಂಗಿಯ ತೋಳಿನೊಳಗೆ ಸೇರಿ ಮಲಗಿತು. ಅದು ಬದುಕಬೇಕು ಎಂದು ನನಗೆ ನಿಜವಾಗಿಯೂ ಆಸೆಯಾಯಿತು. ಇದೊಂದನ್ನು ನನ್ನ ಪರವಾಗಿ ಹೇಳಿಕೊಳ್ಳಬಹುದು.

"ರಾಮದೇವ್ರ ಬೆರಳು ಇನ್ನೂ ಕಾಣವಲ್ಲವಲ್ಲೋ ತಮ್ಮಾ?" ಎನ್ನುತ್ತಿದ್ದ ಮುತ್ಯಾ.

"ತಿಂಗಳು ತುಂಬಿದ ಮ್ಯಾಲೆ ಬರ್ತಾವ ಮುತ್ಯಾ."

ಎರಡು ವಾರವಾಗಿತ್ತು. ಅವತ್ತು ಅಮಾವಾಸ್ಯೆ, ಹೊಲದ ಕೆಲಸಕ್ಕೆ ರಜೆ. ಮಧ್ಯಾಹ್ನ ಊಟಕ್ಕೆ ನಾವೆಲ್ಲ ತಾಟು ಹಿಡಿದು ಹಾಸ್ಟೆಲಿನ ಪಡಸಾಲೆಯಲ್ಲಿ ನಿಂತಿದ್ದೆವು. ಗೇಟಿನಿಂದ ಅವ್ವ ಬಂದಳು. ಕಾಲಿಗೆ ಚಪ್ಪಲಿ ಇರಲಿಲ್ಲ. ಕಂಕುಳಲ್ಲಿ ಬಾಯಿಗೆ ಅರಿವೆ ಕಟ್ಟಿದ ಸಣ್ಣ ಗಡಿಗೆ. ಅದರಲ್ಲಿ ನಮ್ಮೂರ ಬದುವಿನ ಹಸಿಮಣ್ಣು ತುಂಬಿಕೊಂಡು ಬಂದಿದ್ದಳು, ಮರಿಗೆ ಈಗಿನಿಂದಲೇ ಮಣ್ಣಿನ ವಾಸನೆ ರೂಢಿಯಾಗಲೆಂದು. ಎಲ್ಲರಿಗೂ ಕೇಳುವಂತೆ ನಗುತ್ತಾ ಅಂದಳು:

"ಎಲ್ಲೈತಿ ಇಲಿಮರಿ? ಹಲ್ಲು ಬಂದಿರಬೇಕು. ಬಿಡಾಕ ಒಯ್ತೀನಿ."

ಗೆಳೆಯ ನನ್ನ ಕಡೆ ತಿರುಗಿದ. "ಇಲಿಮರಿ ಏನಲೇ? ಇಣಚಿ ಅಂದಿದ್ದಿ! ಈಕಿ ಯಾರು?"

ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. ಮುತ್ಯಾ ಸೌಟು ಹಿಡಿದು ಬಾಗಿಲಿಗೆ ಬಂದಿದ್ದ. ನಾನು ಅಂದೆ:

"ನಮ್ಮೂರಾಕಿ. ನಮ್ಮ ಹೊಲಕ್ಕ ಕೂಲಿಗೆ ಬರ್ತಾಳ."

ಅವ್ವ ನನ್ನ ಮುಖ ನೋಡಿದಳು. ಬಹಳ ಹೊತ್ತೇನೂ ಅಲ್ಲ. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ಗೆಳೆಯನಿಗೆ ಹೇಳಿದಳು:

"ಹೌದ್ರಿ. ಇವರ ಅವ್ವಾರು ಕಳಸ್ಯಾರ್ರಿ, ಮರಿ ತಗೊಂಡು ಬಾ ಅಂತ. ಇಲಿನೋ ಇಣಚಿನೋ, ನಮಗೇನು ತಿಳೀತೈತ್ರಿ? ಅವರು ಓದಿದೋರು."

ಸಿರುಗುಪ್ಪ ಸೀಮೆಯ ಬದುಗಳಲ್ಲೆಲ್ಲ ಇಲಿಯನ್ನು ಅವಳಷ್ಟು ಬಲ್ಲವರಿರಲಿಲ್ಲ. ಹುಡುಗರು ನಕ್ಕು, "ಪಾಪ, ಹಳ್ಳಿಯಾಕಿ" ಎಂದು ಸುಮ್ಮನಾದರು. ನನ್ನ ಎರಡೂ ಸುಳ್ಳುಗಳನ್ನು ಅವಳು ಒಂದೇ ಮಾತಿನಲ್ಲಿ ಕಾಪಾಡಿದ್ದಳು.

ಮರಿಯನ್ನು ತಂದು ಕೊಟ್ಟೆ. ಕತ್ತಿನ ಹಿಂದೆ ಎರಡು ಬೆರಳಲ್ಲಿ ಹಿಡಿದು, ಹೊಟ್ಟೆ ತಡವಿ, ಬಾಯಿ ಬಿಡಿಸಿ ಹಲ್ಲು ನೋಡಿ ಗಡಿಗೆಯೊಳಗೆ ಬಿಟ್ಟಳು. ಮುತ್ಯಾ, "ಅಮಾಸಿ ದಿನ ಹಂಗ ಹೋಗಬ್ಯಾಡವ್ವ, ಉಂಡು ಹೋಗು" ಎಂದು ಹೊರಗಿನ ಮೆಟ್ಟಿಲ ಮೇಲೆ ಎಲೆ ಹಾಕಿ ಬಡಿಸಿದ. ಅವಳು ಅಲ್ಲಿ ಕೂತು ಉಂಡಳು. ನಾನು ಒಳಗೆ ಹುಡುಗರ ಸಾಲಿನಲ್ಲಿ ಕೂತು ಉಂಡೆ. ಸಾರನ್ನು ಎರಡನೆಯ ಸಲ ಹಾಕಿಸಿಕೊಂಡೆ. ಹೊರಗೆ ಬಂದಾಗ ಎಲೆ ತೆಗೆದು, ಮೆಟ್ಟಿಲು ಒರೆಸಿ ಹೋಗಿದ್ದಳು.

ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಎಷ್ಟು ಹೊತ್ತಿಗೆ ಆ ಮಾತು ತೆಗೆಯುತ್ತಾಳೋ ಎಂದು ಕಾದೆ. ತೆಗೆಯಲಿಲ್ಲ. ಕೊನೆಗೆ ನಾನೇ ಕೇಳಿದ್ದು ಮರಿಯ ಸುದ್ದಿ.

"ಎಂಟು ದಿನ ಇಟಗೊಂಡಿದ್ದೆ. ನೆನಿಸಿದ ಭತ್ತ ಬಿಡಿಸಿಕೊಂಡು ತಿನ್ನಾಕ ಕಲೀತು. ಆಮ್ಯಾಲೆ ಬದುವಿನ್ಯಾಗ ಒಂದು ಹಳೇ ಬಿಲಕ್ಕ ಬಿಟ್ಟೆ. ಬಾಯಾಗ ನಾಕು ತೆನಿ ಇಟ್ಟು ಬಂದಿದ್ದೆ. ಮೂರನೇ ದಿನಕ್ಕ ತೆನಿ ಒಳಗ ಹೋಗಿದ್ವು, ಹೊರಗ ಹೊಸ ಮಣ್ಣು ಬಿದ್ದಿತ್ತು."

"ಹಂಗಾರ ಬದುಕೈತಿ?"

"ಬದುಕೈತಿ."

ಅಷ್ಟಕ್ಕೇ ಎದ್ದು ನೀರಿಗೆ ಹೋದಳು. ತಪ್ಪಾತಬೇ ಎಂಬ ಒಂದು ಮಾತು ಹೇಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ಎಷ್ಟು ನಾಳೆಗಳು ಹೋದವೋ. ನಾನು ಪಾಸಾದೆ, ಸಿರುಗುಪ್ಪದ ಒಂದು ಶಾಲೆಯಲ್ಲಿ ತಾತ್ಕಾಲಿಕ ಮೇಷ್ಟ್ರಾದೆ, ಆದರೂ ಹೇಳಿರಲಿಲ್ಲ. ಬಾಯಿಂದ ಹೇಳಲಾಗದ್ದನ್ನು ಮಾಡಿ ತೋರಿಸೋಣ ಎಂಬ ಬುದ್ಧಿ ಬಂದದ್ದು, ಡಿಗ್ರಿ ಸರ್ಟಿಫಿಕೇಟ್ ಬಂದಿದೆ, ಒಯ್ಯಿರಿ ಎಂದು ಕಾಲೇಜಿನಿಂದ ಕಾರ್ಡು ಬಂದಾಗ.

"ನೀನೂ ಬಾರಬೇ" ಎಂದೆ.

"ನಾ ಯಾಕ ಅಲ್ಲಿ?"

"ಬಾ ಅಂದ್ರ ಬಾ."

ಗಂಟಿನಲ್ಲಿದ್ದ ಇಳಕಲ್ ಸೀರೆ ಉಟ್ಟು ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದೆ. ದಾರಿಯುದ್ದಕ್ಕೂ ನನ್ನಲ್ಲೇ ಹೇಳಿಕೊಳ್ಳುತ್ತಾ ಹೋದೆ: ಮೇಷ್ಟ್ರು ಸಿಕ್ಕರೂ ಸರಿ, ಅಟೆಂಡರ್ ಸಿಕ್ಕರೂ ಸರಿ, ಕೇಳಿದವರಿಗೂ ಕೇಳದವರಿಗೂ ಹೇಳಬೇಕು. ಈಕಿ ನಮ್ಮವ್ವ, ಇಲಿ ಬಿಲ ಅಗೆದು ನನ್ನ ಓದಿಸಿದಾಕಿ. ಆ ಮಾತನ್ನು ಹತ್ತು ಸಲವಾದರೂ ಮನಸ್ಸಿನಲ್ಲಿ ಆಡಿ ನೋಡಿದ್ದೆ.

ಬೇಸಿಗೆ ರಜೆ. ಆಫೀಸಿನಲ್ಲಿ ವಯಸ್ಸಾದ ಗುಮಾಸ್ತರೊಬ್ಬರೇ ಇದ್ದರು. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಸರ್ಟಿಫಿಕೇಟನ್ನು ಕಪಾಟಿನಿಂದ ತೆಗೆದು, ಎರಡೂ ಕೈಯಲ್ಲಿ ಕೊಟ್ಟರು. ದಪ್ಪ ಕಾಗದ, ಮೇಲೆ ಮುದ್ರೆ, ನಡುವೆ ಸೊಟ್ಟ ಅಕ್ಷರಗಳಲ್ಲಿ ನನ್ನ ಹೆಸರು. ನಾನು ಅದನ್ನು ಓದಿದೆ. ಇನ್ನೊಮ್ಮೆ ಓದಿದೆ.

"ಛಲೋ ಆತಪ್ಪಾ" ಎಂದರು ಗುಮಾಸ್ತರು. ಕನ್ನಡಕದ ಮೇಲಿಂದ ನನ್ನ ಹಿಂದೆ ನೋಡಿ, "ಇವರ್ಯಾರು, ನಿಮ್ಮ ತಾಯಾರೇನು?" ಎಂದು ಕೇಳಿದರು.

ನಾನು ಕಾಗದದಿಂದ ತಲೆ ಎತ್ತುವಷ್ಟರಲ್ಲಿ ಅವ್ವ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಿದ್ದಳು.

"ಅಲ್ರಿ, ನಾ ಇವರ ಊರಾಕಿ. ಅವರ ಅವ್ವಾರಿಗೆ ಬರಾಕ ಆಗಲಿಲ್ರಿ."