ಒಳಗೆ ಸಿಕ್ಕಿಸದ ಅಂಚು

ಅವನ ಸಿಟ್ಟು ಮೂಗಿನ ತುದಿಯಲ್ಲಿಲ್ಲ, ಅದಕ್ಕೂ ಎರಡು ಅಂಗುಲ ಮುಂದಿದೆ ಎಂದು ಗ್ಯಾರೇಜಿನವರು ಆಡಿಕೊಳ್ಳುತ್ತಿದ್ದರು. ವ್ಯಾನುಗಳ ಒಳಗೆ ನೀರು ಎಲ್ಲಿಂದ ಸೋರುತ್ತದೆಂದು ಹುಡುಕಿ ನಿಲ್ಲಿಸುವುದು ಅವನ ಕಸುಬು. ಬಾಗಿಲಿನ ರಬ್ಬರಿಗೆ ಸೀಮೆಸುಣ್ಣ ಉಜ್ಜಿ, ಒಮ್ಮೆ ಮುಚ್ಚಿ ತೆರೆಯುವನು. ಎದುರಿನ ತಗಡಿನ ಮೇಲೆ ಬಿಳಿ ಗೆರೆ ಎಲ್ಲಿ ಮೂಡಲಿಲ್ಲವೋ ಅಲ್ಲಿ ರಬ್ಬರು ಕೂತಿಲ್ಲವೆಂದು ಲೆಕ್ಕ. ಇಪ್ಪತ್ತಾರು ವರ್ಷ ಇದನ್ನೇ ಮಾಡಿ ಅವನಿಗೆ ಸುಣ್ಣದ ಮೇಸ್ತ್ರಿ ಎಂಬ ಹೆಸರು ಬಿತ್ತು. “ಸುಣ್ಣ ಸುಳ್ಳು ಹೇಳಲ್ಲ, ಜನ ಹೇಳ್ತಾರೆ” ಎನ್ನುವುದು ಅವನ ಮಾತು. ಗಿರಾಕಿಗಳು ಆ ಮಾತಿಗೆ ಹೆದರಿ ಬಾಯಿ ಮುಚ್ಚುತ್ತಿದ್ದರು.

ಅವನ ಅಕ್ಕ ಮಾತ್ರ ಹೆದರುವವಳಲ್ಲ. ದೊಡ್ಡ ಲಾಂಡ್ರಿಯೊಂದರಿಂದ ಆಸ್ಪತ್ರೆಗೆ ಒಗೆದ ಚಾದರಗಳನ್ನು ಸಾಗಿಸುವ ವ್ಯಾನು ಅವಳ ಕೈಯಲ್ಲಿತ್ತು. ಹನ್ನೊಂದು ವರ್ಷದಿಂದ ಅವಳ ಮನೆಯ ಒಲೆ ಉರಿಯುತ್ತಿದ್ದುದು ಆ ಸ್ಟೀರಿಂಗಿನಿಂದಲೇ. ಅಂದು ಬೆಳಿಗ್ಗೆ ಅವಳು ವ್ಯಾನು ತಂದು ಅವನ ಮುಂದೆ ಗಕ್ಕನೆ ನಿಲ್ಲಿಸಿ, ಒಂದು ಕಾಗದವನ್ನು ಬಾನೆಟ್ಟಿನ ಮೇಲೆ ಬಡಿದಳು.

ಮೂರು ವಾರದಲ್ಲಿ ಮೂರು ಸಲ, ವ್ಯಾನಿನ ಹಿಂಬದಿಯಲ್ಲಿಟ್ಟ ಚಾದರದ ಗಂಟುಗಳು ಒದ್ದೆಯಾಗಿದ್ದವು. ಸೋಮವಾರದಿಂದ ಕೀಲಿ ಬೇರೆಯವರ ಕೈಗೆ ಎಂದು ಕಾಗದದಲ್ಲಿತ್ತು.

“ಓದು. ಬಾಗಿಲು ಸರಿಯಾಗಿ ಮುಚ್ಚದ ಬೇಜವಾಬ್ದಾರಿ ಅಂತೆ. ಯಾರು ಹೇಳಿದ್ದು? ನೀನು! ಲಾಂಡ್ರಿ ಸೂಪರ್‌ವೈಸರ್ ಮುಂದೆ, ಎದೆಯುಬ್ಬಿಸ್ಕೊಂಡು. ಒಡಹುಟ್ಟಿದವನ ಸಾಕ್ಷಿ!”

“ಇನ್ನೇನು ಹೇಳ್ಲಿ? ಹಿಂದಿನ ಬಾಗಿಲಲ್ಲಿ ಸುಣ್ಣದ ಗೆರೆ ಒಂದು ಕೂದಲೂ ತಪ್ಪಿಲ್ಲ. ನೀರೇನು ಆಕಾಶದಿಂದ ಬಿತ್ತಾ?”

“ಮಳೆ ಆಕಾಶದಿಂದಲೇ ಬೀಳೋದು ಕಣೋ, ಮಂಕೇ!”

ಪಕ್ಕದ ಕಾರಿಗೆ ಬಣ್ಣ ಬಳಿಯುತ್ತಿದ್ದ ಪೇಂಟರ್ ಕಿಸಕ್ಕೆಂದ. ಮೇಸ್ತ್ರಿ ಅವನತ್ತ ಕೆಂಗಣ್ಣು ಬಿಟ್ಟ.

“ಆಸ್ಪತ್ರೆ ಹತ್ರ ಏರು ಹತ್ತುವಾಗ ಕಾಲಡಿ ಗುಳುಗುಳು ಅಂತ ಏನೋ ಹರಿದ ಹಾಗೆ ಸದ್ದಾಗುತ್ತೆ ಅಂತ ಬಡ್ಕೊಂಡೆ” ಎಂದಳು ಅಕ್ಕ. “ಕೇಳಿಸ್ಕೊಂಡ್ಯಾ? ನಿನಗೆ ಸುಣ್ಣ ಮಾತಾಡಿದ್ರೆ ಕೇಳುತ್ತೆ, ಅಕ್ಕ ಮಾತಾಡಿದ್ರೆ ಕೇಳಲ್ಲ.”

ಅವಳ ಬಾಯಿ ಮುಚ್ಚಿಸಬೇಕೆಂದೇ ಅವನು ಮುಂದಿನ ಬಾಗಿಲು ತೆರೆದು, ಪೆಡಲುಗಳ ಕೆಳಗಿನ ಮ್ಯಾಟು ಎಳೆದೆಸೆದ. ಅಡಿಯ ನೆಲಹಾಸನ್ನು ಒತ್ತಿದ ಕೂಡಲೇ ಬೆರಳ ಸಂದಿಯಿಂದ ನೀರು ಚಿಮ್ಮಿತು. ನೀರು ಬರುತ್ತಿದ್ದುದು ಮುಂದಿನಿಂದ. ಏರಿನಲ್ಲಿ ಅದು ಹಿಂದಕ್ಕೆ ಹರಿದು ಗಂಟುಗಳನ್ನು ಮುಟ್ಟುತ್ತಿತ್ತು.

ಅವನು ಡ್ರೈವರ್ ಬಾಗಿಲಿನ ಒಳಹಲಗೆ ಬಿಚ್ಚಿದ. ಗಾಜಿಗೆ ಬಿದ್ದ ಮಳೆ ಹೇಗಿದ್ದರೂ ಬಾಗಿಲಿನ ಹೊಟ್ಟೆಗೆ ಇಳಿದು, ತಳದ ತೂತುಗಳಿಂದ ಹೊರಗೆ ಹೋಗುತ್ತದೆ. ಅದು ಈಚೆ ಬಾರದಿರಲೆಂದು ಒಂದು ಪ್ಲಾಸ್ಟಿಕ್ ಹಾಳೆಯನ್ನು ಕಪ್ಪು ಗೋಂದಿನಿಂದ ಅಂಟಿಸಿರುತ್ತಾರೆ. ಪ್ಯಾಂಟಿನೊಳಗೆ ಅಂಗಿ ಸಿಕ್ಕಿಸಿದಂತೆ, ಹಾಳೆಯ ಕೆಳಗಿನ ಅಂಚನ್ನು ತಗಡಿನ ಸೀಳಿನೊಳಗೆ ಸಿಕ್ಕಿಸಬೇಕು. ಇಲ್ಲಿ ಆ ಅಂಚು ಈಚೆಗೇ ಜೋತಾಡುತ್ತಿತ್ತು.

“ಯಾವ ಕತ್ತೆ ಮಾಡಿದ್ದು ಇದನ್ನ?” ಅವನು ತಗಡು ಅದುರುವಂತೆ ಕಿರುಚಿದ. “ಕೈ ಮುರೀಬೇಕು ಅವನದು! ಒಬ್ಬ ಹೆಂಗಸಿನ ಅನ್ನಕ್ಕೆ ಕಲ್ಲು ಹಾಕಿದಾನಲ್ಲ...”

ಅವನು ಬಗ್ಗಿ ನೋಡಿದ. ಕಪ್ಪು ಗೋಂದಿನಲ್ಲಿ ಹೆಬ್ಬೆರಳೊಂದು ಒತ್ತಿದ ಗುರುತಿತ್ತು. ಅದರ ನಡುವೆ ಓರೆಯಾಗಿ ಒಂದು ಗಾಯದ ಗೆರೆ.

ಒಂಬತ್ತನೇ ವಯಸ್ಸಿನಲ್ಲಿ ಅವನ ಎಡಹೆಬ್ಬೆರಳನ್ನು ತಗಡು ಸೀಳಿತ್ತು. ತನ್ನ ಲಂಗದ ಅಂಚು ಹರಿದು ಅದಕ್ಕೆ ಸುತ್ತಿದವಳು ಈ ಅಕ್ಕನೇ. ಹೋದ ತಿಂಗಳು ಗಾಜು ಇಳಿಯುತ್ತಿಲ್ಲವೆಂದು ಅವಳು ವ್ಯಾನು ತಂದಾಗ ಈ ಬಾಗಿಲು ಬಿಚ್ಚಿದವನು ಅವನೇ.

“ಅವತ್ತಲ್ವಾ ಮೇಸ್ತ್ರಿ, ಕೆಲಸ ಅರ್ಧಕ್ಕೆ ಬಿಟ್ಟು, ಸ್ಕ್ರೂಡ್ರೈವರ್ ಕದ್ದೆ ಅಂತ ನನ್ನ ಮೇಲೆ ಹಾರಾಡಿದ್ದು?” ಎಂದ ಪೇಂಟರ್. “ನಿಮ್ಮ ಜೇಬಲ್ಲೇ ಇತ್ತು.”

ಮೇಸ್ತ್ರಿಯ ಹೆಬ್ಬೆರಳು ಗೋಂದಿನತ್ತ ಹೋಯಿತು. ಗುರುತು ಅಳಿಸಲು ಒಂದು ಸಲ ಸವರಿದ್ದರೆ ಸಾಕಿತ್ತು. ಅಕ್ಕ ನೋಡುತ್ತಿದ್ದಳು. ಅವನು ಕೈ ಹಿಂದೆಗೆದ.

“ನಡಿ ಲಾಂಡ್ರಿಗೆ” ಎಂದ. “ಇದನ್ನ ಮುಟ್ಟಬೇಡ.”

ಲಾಂಡ್ರಿಯ ಅಂಗಳದಲ್ಲಿ ಅವನು ಸೂಪರ್‌ವೈಸರನ್ನು ಬಾಗಿಲಿನ ಮುಂದೆ ನಿಲ್ಲಿಸಿ, ಗುರುತಿನ ಪಕ್ಕ ತನ್ನ ಹೆಬ್ಬೆರಳಿಟ್ಟ.

“ತಪ್ಪು ಅವಳದ್ದಲ್ಲ, ನಂದು. ಬರ್ಕೊಳ್ಳಿ.”

“ನೀವೇ ಹೇಳಿದ್ರಲ್ಲ, ಮುಚ್ಚೋರು ಸರಿ ಇಲ್ಲ ಅಂತ...”

“ಹೇಳ್ದೆ! ಅವತ್ತು ಸರಸರ ಬರ್ಕೊಂಡ್ರಿ. ಇವತ್ತೇನು, ಪೆನ್ನಲ್ಲಿ ಇಂಕು ಆರಿಹೋಯ್ತಾ?”

“ಮೊದ್ಲು ರಿಪೇರಿ ಮಾಡಿ, ನೀರು ಹೊಡೆದು ತೋರಿಸಿ ಸ್ವಾಮಿ. ಆಮೇಲೆ ಬೈಯೋರಂತೆ.”

ಅವನು ಹಳೆಯ ಗೋಂದು ಕೆರೆದು, ಹೊಸದು ಒತ್ತಿ, ಅಂಚನ್ನು ಸೀಳಿನೊಳಗೆ ಉದ್ದಕ್ಕೂ ಸಿಕ್ಕಿಸಿದ. ಪೆಡಲಿನ ಬಳಿಯ ಒದ್ದೆ ನೆಲಹಾಸು ಕಿತ್ತು, ತಗಡು ಒರೆಸಿ, ಒಣ ಚಾದರ ಹಾಸಿ, ಬಾಗಿಲು ಹಾಕಿಕೊಂಡು ಒಳಗೆ ಕೂತ. ಅಕ್ಕ ನೀರಿನ ಪೈಪು ಹಿಡಿದಳು.

ಹತ್ತು ನಿಮಿಷ ಸಾಕು ಎಂಬುದು ಅವನದೇ ಕಟ್ಟಳೆ. ಹತ್ತಾದ ಮೇಲೆ ಅವನು ಚಾದರ ಎತ್ತಿ ಗಾಜಿಗೆ ಹಿಡಿದ. ಒಂದು ಹನಿಯ ಕಲೆಯೂ ಇರಲಿಲ್ಲ. ಸೂಪರ್‌ವೈಸರ್ ಅಕ್ಕನಿಂದ ಕಾಗದ ಇಸಿದುಕೊಂಡು ಎರಡಾಗಿ ಹರಿದು, ಅವಳ ಮುಖ ನೋಡದೆ ಒಳಗೆ ನಡೆದ.

ಅಕ್ಕ ನಲ್ಲಿ ನಿಲ್ಲಿಸಲಿಲ್ಲ. ಪೈಪನ್ನು ಇನ್ನೂ ಹತ್ತಿರ ತಂದು, ಸರಿಯಾಗಿ ಅವನ ಮುಖಕ್ಕೆ ಎದುರಾಗಿ ಗಾಜಿಗೆ ಹೊಡೆದಳು. ಅವಳ ತುಟಿಗಳು ಆಡುತ್ತಿದ್ದವು, ಮೂರು ವಾರದ ಬೈಗುಳ ನೀರಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಅವನು ಗಾಜು ತಟ್ಟಲಿಲ್ಲ. ಚಾದರವನ್ನು ತೊಡೆಯ ಮೇಲಿಟ್ಟುಕೊಂಡು, ಅವಳಿಗೆ ಕೈ ಸೋಲುವವರೆಗೂ ಕೂತಿದ್ದ.