ಕಂದು ಅಣಬೆ

ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದಾಗ, ಒಂದು ಬೇಸಿಗೆ ರಜೆಯಲ್ಲಿ ಮಗಳು ಟಿವಿಗೆ ಜೋಡಿಸುವ ವಿಡಿಯೋ ಗೇಮಿನ ಹೊಸ ಕ್ಯಾಸೆಟ್ ತಂದಳು. ನಾವಿಬ್ಬರೂ ಆಡಿ ಮುಗಿಸಿದ್ದ ಆಟದ ಎರಡನೇ ಭಾಗ. ಅದೇ ಇಟ್ಟಿಗೆ, ಅದೇ ಗುಂಡಿ, ಹಾರುತ್ತಾ ಓಡುವ ಅದೇ ಪುಟ್ಟ ಮನುಷ್ಯ. ಹಳೆಯದರ ಮೊದಲ ಹಂತವನ್ನು ನಾನು ಬೇಳೆ ಬೇಯುವಷ್ಟರಲ್ಲಿ ದಾಟುತ್ತಿದ್ದೆ. ಆ ಹೆಮ್ಮೆಯಲ್ಲೇ ಪಂದ್ಯ ಕಟ್ಟಿದೆ.

ಮಗಳಿಗೆ ಆಗ ಹತ್ತು ವರ್ಷ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಭಾನುವಾರ ಮೈಸೂರಿನಿಂದ ನನ್ನ ಅಮ್ಮನ ಫೋನ್ ಬಂದರೆ ಎರಡು ಸಲ ಹೂಂಗುಟ್ಟಿ ರಿಸೀವರನ್ನು ನನಗೆ ದಾಟಿಸುತ್ತಿದ್ದಳು. ಅಮ್ಮನಿಗೆ ಹಿಂದಿ ಬಾರದು. ಪಂದ್ಯ ಇಷ್ಟೇ: ಭಾನುವಾರದೊಳಗೆ ನಾನು ಹೊಸ ಆಟದ ಮೊದಲ ಹಂತ ದಾಟಿದರೆ ಅವಳು ಅಜ್ಜಿಯೊಂದಿಗೆ ಕನ್ನಡದಲ್ಲಿ ಮಾತಾಡಬೇಕು. ಸೋತರೆ ನಾನು ಆ ವಿಷಯವನ್ನೇ ಎತ್ತಬಾರದು.

ಆಟ ಶುರುವಾದ ಕೂಡಲೇ ಒಂದು ಅಣಬೆ ಜಾರುತ್ತಾ ಬಂತು. ಹಳೆಯ ಆಟದಲ್ಲಿ ಅಣಬೆ ಮುಟ್ಟಿದರೆ ನಮ್ಮವನು ಎತ್ತರವಾಗುತ್ತಿದ್ದ. ಇಲ್ಲಿ ಮುಟ್ಟಿದೊಡನೆ ಸತ್ತ. ಕ್ಯಾಸೆಟ್ಟೇ ಸರಿಯಿಲ್ಲವೆಂದು ತೆಗೆದು, ಊದಿ, ಮತ್ತೆ ಹಾಕಿದೆ. ಮತ್ತೆ ಸತ್ತ. ಕಂದು ಬಣ್ಣದ್ದು ವಿಷದ ಅಣಬೆ ಎಂದು ಮಗಳು ತಿಳಿಸಿದಳು. ಬಣ್ಣ ನನಗೂ ಕಾಣುತ್ತಿತ್ತು, ಕೈ ಕೇಳಬೇಕಲ್ಲ. ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಥ್ಯಾಂಕ್ಯೂ ಹೇಳುವುದನ್ನು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಅಷ್ಟು ಚೆನ್ನಾಗಿ ಕಲಿಸಿದ್ದರು. ಅದರಿಂದಲೇ, ನಮ್ಮ ಮನೆಯಲ್ಲಿ ಯಾರೂ ಮುಟ್ಟದ ಮೂಲಂಗಿ ಉಪ್ಪಿನಕಾಯಿ, ಪಕ್ಕದ ಮನೆಯವರು ಕೊಟ್ಟದ್ದು, ಮೂರು ಬಾಟಲಿ ಫ್ರಿಜ್ಜಿನಲ್ಲಿತ್ತು.

ಶನಿವಾರ ಮಧ್ಯಾಹ್ನ, ಹಂತ ಮುಗಿಯುವಲ್ಲಿನ ಬಾವುಟ ಕಾಣುವವರೆಗೆ ತಲುಪಿದೆ. ಉಳಿದದ್ದು ಒಂದೇ ಜೀವ. ಎದುರಿಗೆ ಕಂದು ಅಣಬೆ.

"ಮಮ್ಮಿ, ಛೋಡೋ ಉಸ್ಕೋ," ಅದನ್ನು ಬಿಟ್ಟುಬಿಡು ಎಂದು ಮಗಳು ನನ್ನ ಮೊಣಕೈ ಹಿಡಿದಳು.

ನಮ್ಮವನು ವಿನಯದಿಂದ ಅದರತ್ತಲೇ ನಡೆದ. ಅವನು ಬಿದ್ದ ಬೆನ್ನಿಗೇ ಕರೆಂಟೂ ಹೋಗಿ, ಕೂಲರ್ ಗೊರಗೊರ ಎಂದು ನಿಂತಿತು.

ಪಂದ್ಯ ಸೋತಿದ್ದೆ. ಭಾನುವಾರ ಫೋನ್ ಬಂದಾಗ, ಒಪ್ಪಂದದಂತೆ, ನಾನು ಮಗಳನ್ನು ಕರೆಯಲಿಲ್ಲ. ಅವಳೇ ಬಂದು ರಿಸೀವರ್ ಕಿತ್ತುಕೊಂಡಳು. ನನ್ನ ಮೇಲೆ ದೂರು ಕೊಡಲು ಅಜ್ಜಿಗಿಂತ ದೊಡ್ಡ ಕಚೇರಿ ಇರಲಿಲ್ಲ. ಆ ಕಚೇರಿಯಲ್ಲಿ ಹಿಂದಿ ನಡೆಯುತ್ತಿರಲಿಲ್ಲ.

"ಅಜ್ಜಿ, ನಿನ್ ಮಗಳಿಗೆ ಬೇಡ ಅನ್ನಕ್ಕೇ ಬರಲ್ಲ. ವಿಷ ಕೊಟ್ರೂ ತಗೋತಾಳೆ. ನಾನು ದಸ್ ಬಾರ್ ಹೇಳ್ದೆ."

ಆ ಕಡೆ ಅಮ್ಮ ನಕ್ಕದ್ದು ನನಗೂ ಕೇಳಿಸಿತು. ಮಗಳು ತಡವರಿಸುತ್ತಾ ಅಣಬೆಯಿಂದ ಉಪ್ಪಿನಕಾಯಿಗೆ ಬಂದಳು. ಕುಕ್ಕರ್ ಐದನೇ ಸೀಟಿ ಹಾಕಿದರೂ ನಾನು ಅಲ್ಲಿಂದ ಏಳಲಿಲ್ಲ.