ಔಷಧಿಯಿಲ್ಲದ ಸೂಜಿ ಯಾರ ಕೈಯಲ್ಲಿ?

ಕೊಟ್ಟೂರಿಗೆ ಬಂದ ಹೊಸತರಲ್ಲೇ ಕುರಿಗಾರ ಮೈಲಪ್ಪ ನನ್ನೆದುರು ಅಂಗಿ ಎತ್ತಿ ಬೆನ್ನು ತೋರಿಸಿದ. ಸೊಂಟದ ಎರಡೂ ಕಡೆ ಕಾದ ಕಬ್ಬಿಣದ ಬರೆ.

'ಕುರಿಗೆ ಹಾಕಿದಂಗ ನನಗೂ ಹಾಕ್ಯಾರ. ನೋವು ಹೋಗಿಲ್ಲ. ಈಗ ನಿಮ್ಮ ಸೂಜಿ ನೋಡೂಣು.'

ಮೈಸೂರಿನ ಚರ್ಚಾಸ್ಪರ್ಧೆಯ ತೀರ್ಪುಗಾರರೇ, ನಿಮ್ಮೂರಿನಲ್ಲಿ ರೋಗಿಗಳು ಎಕ್ಸ್‌ರೇ ತರುತ್ತಿದ್ದರು.

ನಾನು ಫಿಸಿಯೋಥೆರಪಿಸ್ಟ್. ಗಂಟುಗಟ್ಟಿದ ಸ್ನಾಯುವಿಗೆ ಔಷಧಿಯಿಲ್ಲದ ತೆಳು ಸೂಜಿ ಚುಚ್ಚುವುದನ್ನು ಡ್ರೈ ನೀಡ್ಲಿಂಗ್ ಎನ್ನುತ್ತೇವೆ. ಅದನ್ನು ಯಾರು ಮಾಡಬಹುದೆಂಬ ಕಟ್ಟುಪಾಡು ಒಂದು ವೃತ್ತಿಯವರು ಇನ್ನೊಂದಕ್ಕೆ ಹಾಕುವ ಬೇಲಿ ಎಂದು ಕಾಲೇಜಿನಲ್ಲಿದ್ದಾಗ ನಿಮ್ಮೆದುರೇ ವಾದಿಸಿ ಗೆದ್ದವಳು.

ಮೈಲಪ್ಪನ ನೋವು ಇಳಿಯಿತು. ನನ್ನ ನಾಲಿಗೆಯೂ ಬಾಡಿಗೆ ಮನೆಯೊಡತಿಯ ರೊಟ್ಟಿ, ಶೇಂಗಾ ಚಟ್ನಿಗೆ ಒಗ್ಗಿತು. 'ಹೆದರಬೇಡಿ, ಇದರಲ್ಲಿ ಔಷಧಿಯೇ ಇಲ್ಲ' ಎಂದು ಪ್ರತಿಸಲವೂ ಅವನಿಗೆ ಹೇಳುತ್ತಿದ್ದೆ. ಆ ಮಾತನ್ನು ಅವನು ಮನೆಗೊಯ್ದ. ಕುರಿಗಳಿಗೆ ಇಂಜೆಕ್ಷನ್ ಕೊಟ್ಟು ಪಳಗಿದ ಕೈ. ಔಷಧಿಯೇ ಇಲ್ಲದ ಮೇಲೆ ಕಲಿಯುವುದೇನಿದೆ? ಹೆಂಡತಿ ಹನುಮಕ್ಕನ ಹೆಗಲು ಹಿಡಿದಾಗ ಕುರಿಯ ಸೂಜಿಯನ್ನೇ ಚುಚ್ಚಿದ. ಶ್ವಾಸಕೋಶಕ್ಕೆ ತೂತು ಬಿತ್ತು. ಉಸಿರು ಸಿಗದ ಅವಳನ್ನು ದಾವಣಗೆರೆಗೆ ಒಯ್ದರು. ಬದುಕಿದಳು.

'ಯಾರನ್ನ ಕೇಳಿ ಚುಚ್ಚಿದ್ರಿ?' ಎಂದು ಮೈಲಪ್ಪನ ಮೇಲೆ ರೇಗಿದೆ.

'ನೀವು ಯಾರನ್ನ ಕೇಳಿ ಚುಚ್ತೀರಿ, ಮೇಡಂ?' ಅವನ ದನಿಯಲ್ಲಿ ಸೊಕ್ಕಿರಲಿಲ್ಲ.

ಉತ್ತರ ಹುಡುಕಿದೆ. ಡಾಕ್ಟರುಗಳು ಈ ಸೂಜಿ ತಮ್ಮದು ಎನ್ನುತ್ತಾರೆ, ಅಕ್ಯುಪಂಕ್ಚರ್‌ನವರು ತಮ್ಮದು ಎನ್ನುತ್ತಾರೆ, ನಾವು ನಮ್ಮದು ಎನ್ನುತ್ತೇವೆ. ಇಂಥವರು, ಇಷ್ಟು ಕಲಿತ ಮೇಲೆ ಮಾಡಬಹುದು ಎಂದು ಸ್ಪಷ್ಟವಾಗಿ ಬರೆದ ಸಾಲು ನನಗೆ ಸಿಗಲಿಲ್ಲ. ಕಟ್ಟುಪಾಡು ಬೇಕೇಬೇಕು ಎಂದು ಫೋನಿನಲ್ಲಿ ಹೇಳಿದರೆ ಮೈಸೂರಿನ ಗೆಳತಿ, 'ಅಲ್ಲಿಗೆ ಹೋಗಿ ಪುಕ್ಕಲಿ ಆದೆ ಕಣೇ' ಎಂದು ನನ್ನ ಹಳೇ ವಾದವನ್ನೇ ನನಗೆ ಒಪ್ಪಿಸುತ್ತಾಳೆ. ಮನೆಯೊಡತಿಗೆ ಹೇಳಿದರೆ, 'ನಿಮ್ಮ ಮೈಸೂರಾಗ ಬರೇ ರೂಲ್ಸ್ ಬಿಡವ್ವ' ಎನ್ನುತ್ತಾಳೆ. ಎರಡೂ ಕಡೆ ವಾದಿಸಿ ಸಾಕಾಗಿದೆ. ಸೂಜಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.

ಮೊನ್ನೆ ಹನುಮಕ್ಕ ಬಂದು ಹೆಗಲೊಡ್ಡಿದಳು. 'ನೀವ ಚುಚ್ರವ್ವ. ನಮ್ಮನಿಯವ್ರು ಕುರಿಗೇ ಇರ್ಲಿ.'

'ಸೂಜಿ ಬೇಡ. ಗಂಟನ್ನ ಕೈಯಲ್ಲೇ ತಿಕ್ಕಿ ಬಿಡಿಸ್ತೀನಿ.'

'ಅವ್ರಿಗಿ ಚುಚ್ಚಿದ್ರಿ, ನನಗ ಯಾಕ ಇಲ್ಲ? ಹಂಗಾರ ಯಾರು ಚುಚ್ಚಬೇಕ್ರಿ?'

'ಗೊತ್ತಿಲ್ಲ' ಎಂದೆ. ನಿಮ್ಮ ವೇದಿಕೆಯಲ್ಲಿ ಈ ಮಾತಿಗೆ ಅಂಕ ಕಳೆಯುತ್ತೀರಿ. ಹನುಮಕ್ಕ ಸೆರಗು ಸರಿಸಿ ಕಣ್ಣು ಮುಚ್ಚಿದಳು.

'ಗೊತ್ತಾಗೂತನಕ ತಿಕ್ಕ್ರಿ.'